ಎಲ್ಲ ಮೊಬೈಲಿನಲ್ಲಿರುವಾಗ ಬಾಯಿಪಾಠ ಯಾಕೆ? ಪಾಲಕರೂ ಮಕ್ಕಳೂ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಪಾಲಕರ ಸಭೆಯಲ್ಲಿ, ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಈಗೀಗ ವಾಟ್ಸ್ಆ್ಯಪ್‌ನಲ್ಲಿ ಜನ ಕೇಳುವ ಪ್ರಶ್ನೆಗಳು ಬಹುಪಾಲು ಒಂದೇ ವಿಷಯದ ಸುತ್ತ ಇರುತ್ತವೆ: ಮೊಬೈಲ್ ಇರುವಾಗ ನೆನಪು ಯಾತಕ್ಕೆ, ಓದು ಯಾತಕ್ಕೆ. ಅವರು ಕೇಳಿದ ಧಾಟಿಯಲ್ಲೇ ಪ್ರಶ್ನೆಗಳನ್ನಿಟ್ಟು ಉತ್ತರ ಬರೆದಿದ್ದೇನೆ. ಕೆಲವು ಉತ್ತರ ಉದ್ದವಾಗಿವೆ, ಆ ವಿಷಯ ಅಷ್ಟು ಬೇಡುತ್ತದೆ.

ಸರ್, ಎಲ್ಲಾ ಮೊಬೈಲ್‌ನ್ಯಾಗ ಸಿಗತೈತಿ. ಹುಡುಗರು ಯಾಕ ಬಾಯಿಪಾಠ ಮಾಡಬೇಕ್ರಿ?

ಯೋಚನೆ ನಡೆಯುವುದು ತಲೆಯಲ್ಲಿ, ಅದಕ್ಕೆ. ಪೇಟೆಯಲ್ಲಿ ಜೋಳ ಎಷ್ಟಿದ್ದರೇನು, ಇವತ್ತಿನ ರೊಟ್ಟಿ ಬಡಿಯುವುದು ಮನೆಯ ಡಬ್ಬಿಯಲ್ಲಿರುವ ಹಿಟ್ಟಿನಿಂದಲೇ.

ಮನುಷ್ಯ ಒಂದೇ ಸಲಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡಬಲ್ಲ ಸಂಗತಿಗಳು ಬಹಳ ಕಡಿಮೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಈ ಮಿತಿ ಏಳರ ಆಸುಪಾಸು ಎಂದರು. 2001ರಲ್ಲಿ ನೆಲ್ಸನ್ ಕೋವನ್ ಅಲ್ಲಿಯವರೆಗಿನ ಪ್ರಯೋಗಗಳನ್ನು ಮತ್ತೆ ಒರೆಗೆ ಹಚ್ಚಿ, ಅದು ನಾಲ್ಕರ ಹತ್ತಿರ ಎಂದರು. ನಾಲ್ಕೋ ಏಳೋ, ಜಾಗವಂತೂ ಇಕ್ಕಟ್ಟು. ಆದರೆ ಮೊದಲೇ ಗಟ್ಟಿಯಾಗಿ ನೆನಪಿನಲ್ಲಿರುವ ವಿಷಯ ಆ ಜಾಗವನ್ನು ಹೆಚ್ಚು ತಿನ್ನುವುದಿಲ್ಲ. ಕರೆದ ಕೂಡಲೇ ಬರುತ್ತದೆ, ಕೆಲಸ ಮುಗಿಸಿ ಹೋಗುತ್ತದೆ.

ನಮ್ಮ ತಿಕೋಟಾ ಕಡೆಯ ಲೆಕ್ಕವನ್ನೇ ತಗೊಳ್ಳಿ. ಸುಮಾರು ನಾಲ್ಕು ಕೆ.ಜಿ. ಹಸಿ ದ್ರಾಕ್ಷಿ ಒಣಗಿಸಿದರೆ ಒಂದು ಕೆ.ಜಿ. ಒಣದ್ರಾಕ್ಷಿ ಸಿಗುತ್ತದೆ. ಹಸಿ ದ್ರಾಕ್ಷಿಗೆ ಕೆ.ಜಿ.ಗೆ 35 ರೂಪಾಯಿ, ಒಣದ್ರಾಕ್ಷಿಗೆ 160 ರೂಪಾಯಿ ಇದೆ ಅಂದುಕೊಳ್ಳೋಣ. ಯಾವುದು ಲಾಭ? ಮಗ್ಗಿ ಬಾಯಿಗೆ ಬರುವ ಹುಡುಗಿ 35 ನಾಲ್ಕಲೆ 140 ಎಂದು ಉಸಿರಿನಲ್ಲೇ ಮುಗಿಸುತ್ತಾಳೆ. ಉಳಿದ 20 ರೂಪಾಯಿಯ ಮೇಲೆ ಅವಳ ಮನಸ್ಸು ಓಡುತ್ತದೆ: ಅದ್ದುವ ಎಣ್ಣೆಗೆ, ಪೊಟ್ಯಾಸಿಯಂ ಕಾರ್ಬೊನೇಟಿಗೆ ಎಷ್ಟು ಹೋಗುತ್ತದೆ, ಆಳಿನ ಕೂಲಿ ಎಷ್ಟು, ಶೆಡ್ಡಿನ ಬಾಡಿಗೆ ಎಷ್ಟು, ಒಣಗುವ ಎರಡು ವಾರದಲ್ಲಿ ಮಳೆ ಬಂದರೆ ಏನು ಗತಿ, ಕೋಲ್ಡ್ ಸ್ಟೋರೇಜಿನಲ್ಲಿಟ್ಟರೆ ದರ ಏರೀತೇ. ಮಗ್ಗಿ ಬಾರದ ಹುಡುಗಿ 35 ನಾಲ್ಕಲೆಯಲ್ಲೇ ಸಿಕ್ಕಿಕೊಂಡಿರುತ್ತಾಳೆ. ಕ್ಯಾಲ್ಕುಲೇಟರ್ ಅವಳಿಗೆ 140 ಎಂದು ತೋರಿಸುತ್ತದೆ. ಮುಂದಿನ ಪ್ರಶ್ನೆಗಳನ್ನು ಎತ್ತಿಕೊಡುವುದಿಲ್ಲ.

ಗೂಗಲ್‌ದಾಗ ಹುಡುಕಾಕ ಬಂದ್ರ ಸಾಕಲ್ಲ?

ಹುಡುಕಲು ಏನನ್ನು ಹುಡುಕಬೇಕೆಂದು ಗೊತ್ತಿರಬೇಕು. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಮೋಡ ಕಟ್ಟಿ ಜಿಟಿಜಿಟಿ ಹಿಡಿದರೆ ದ್ರಾಕ್ಷಿ ಬೆಳೆದವರಿಗೆ ನಿದ್ದೆ ಇರುವುದಿಲ್ಲ. ತೋಟಕ್ಕೆ ಹೋದ ಹುಡುಗ ‘ದ್ರಾಕ್ಷಿ ಎಲೆ ಹಳದಿ’ ಎಂದು ಹುಡುಕಿದರೆ ಕಬ್ಬಿಣದ ಕೊರತೆ, ಸಾರಜನಕದ ಕೊರತೆ, ನೀರು ಹೆಚ್ಚಾದದ್ದು, ರೋಗ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಕಲೆ, ಅದೇ ಜಾಗದಲ್ಲಿ ಎಲೆ ತಿರುವಿದರೆ ಬಿಳಿ ಬೂಜು ಇದ್ದರೆ ಡೌನಿ ಎಂಬ ರೋಗ. ಬೂದಿ ಚೆಲ್ಲಿದಂತೆ ಪುಡಿ ಇದ್ದರೆ ಬೂದಿ ರೋಗ. ಇದು ತಲೆಯಲ್ಲಿ ಇದ್ದವನಷ್ಟೇ ಎಲೆಯನ್ನು ತಿರುವಿ ನೋಡುತ್ತಾನೆ. ಇಲ್ಲದವನ ಕಣ್ಣಿಗೆ ಆ ಬೂಜು ಬೀಳುವುದೇ ಇಲ್ಲ, ಬಿದ್ದರೂ ಅದಕ್ಕೆ ಅರ್ಥವಿರುವುದಿಲ್ಲ. ಅವನಿಗೆ ಬೇಕಾದ ಔಷಧದ ಹೆಸರು ಇಂಟರ್ನೆಟ್ಟಿನಲ್ಲಿ ಖಂಡಿತ ಇದೆ. ಅಲ್ಲಿಗೆ ಹೋಗುವ ದಾರಿ ಮಾತ್ರ ಅವನ ಬಳಿ ಇಲ್ಲ.

ಹಂಗಾದ್ರ ಗೈಡ್‌ನ್ಯಾಗಿನ ಉತ್ತರ ಉರು ಹೊಡಿಯೋದೂ ಸರಿನ?

ಸರಿಯಲ್ಲ. ಬಾಯಿಪಾಠದ ಪರ ಮಾತಾಡುವ ನಾನು ಇದನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು. ನಾನು ಕಲಿಸುವ ಪಾಠದಿಂದಲೇ ಒಂದು ಉದಾಹರಣೆ ಕೊಡುತ್ತೇನೆ.

ಹತ್ತನೇ ತರಗತಿಯಲ್ಲಿ ಓಮನ ನಿಯಮ ಬರುತ್ತದೆ. ತಾಪಮಾನ ಬದಲಾಗದಿದ್ದಾಗ ವಾಹಕದ ತುದಿಗಳ ನಡುವಿನ ವೋಲ್ಟೇಜಿಗೂ ಅದರಲ್ಲಿ ಹರಿಯುವ ವಿದ್ಯುತ್ತಿಗೂ ನೇರ ಅನುಪಾತ. ಮಕ್ಕಳು ಇದನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ, ಅಂಕವೂ ಬರುತ್ತದೆ. ಆಮೇಲೆ ನಾನು ಕೇಳುತ್ತೇನೆ: ಬೇಸಿಗೆಯಲ್ಲಿ ವೋಲ್ಟೇಜ್ ಡಿಮ್ ಆದಾಗ ನಿಮ್ಮ ಬೋರಿನ ಮೋಟಾರ್ ಏನಾಗುತ್ತದೆ? ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ, ‘ಸುಡತೈತ್ರಿ.’ ಮನೆಯಲ್ಲಿ ವೈಂಡಿಂಗ್ ಸುಟ್ಟು ರಿಪೇರಿಗೆ ದುಡ್ಡು ಸುರಿದದ್ದನ್ನು ಎಲ್ಲರೂ ನೋಡಿದ್ದಾರೆ. ಹಾಗಾದರೆ ನೀವು ಈಗಷ್ಟೇ ಒಪ್ಪಿಸಿದ ನಿಯಮದ ಪ್ರಕಾರ ವೋಲ್ಟೇಜ್ ಕಡಿಮೆಯಾದರೆ ಹರಿಯುವ ವಿದ್ಯುತ್ತೂ ಕಡಿಮೆಯಾಗಬೇಕಲ್ಲ, ಮೋಟಾರ್ ತಣ್ಣಗಿರಬೇಕಲ್ಲ, ಸುಡುವುದು ಯಾಕೆ? ಆಗ ತರಗತಿ ಸುಮ್ಮನಾಗುತ್ತದೆ.

ಗೈಡ್ ಓದಿದವರಿಗೂ ಓದದವರಿಗೂ ಅಲ್ಲಿ ಉತ್ತರ ಸಿಗುವುದಿಲ್ಲ. ಆದರೆ ನಿಯಮ ನೆನಪಿಲ್ಲದ ಹುಡುಗನಿಗೆ ಪ್ರಶ್ನೆಯೇ ಹುಟ್ಟುವುದಿಲ್ಲ, ಅವನಿಗೆ ಎರಡರ ನಡುವಿನ ವಿರೋಧ ಕಾಣಿಸುವುದೇ ಇಲ್ಲ. ನಿಯಮ ನೆನಪಿದ್ದವನು ತಬ್ಬಿಬ್ಬಾಗುತ್ತಾನೆ, ಆ ತಬ್ಬಿಬ್ಬಿನಿಂದ ಕಲಿಕೆ ಶುರುವಾಗುತ್ತದೆ. ಮೋಟಾರ್ ಬರೀ ತಂತಿಯ ತುಂಡಲ್ಲ. ತಿರುಗುವಾಗ ಅದು ತನ್ನೊಳಗೆ ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ಹರಿವನ್ನು ತಡೆಯುತ್ತಿರುತ್ತದೆ. ಹೊರಗಿನ ವೋಲ್ಟೇಜ್ ಇಳಿದರೂ ನೀರು ಎತ್ತುವ ಭಾರ ಅಷ್ಟೇ ಇರುತ್ತದೆ. ಮೋಟಾರಿನ ವೇಗ ತಗ್ಗುತ್ತದೆ, ಎದುರು ವೋಲ್ಟೇಜ್ ಕುಗ್ಗುತ್ತದೆ, ಅದೇ ಭಾರ ಎಳೆಯಲು ಅದು ಹೆಚ್ಚು ವಿದ್ಯುತ್ ಹೀರುತ್ತದೆ. ಹುಟ್ಟುವ ಶಾಖ ಹರಿವಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹರಿವು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಈ ಶಾಖದ ನಿಯಮವೂ ಅದೇ ಪಾಠದಲ್ಲಿದೆ, ಅದನ್ನೂ ಅವರು ಒಪ್ಪಿಸಿರುತ್ತಾರೆ. ಎರಡು ನಿಯಮಗಳು ಹೊಲದಲ್ಲಿ ಸೇರಿದ ಆ ದಿನದ ಮೇಲೆ ಮಕ್ಕಳು ಅವನ್ನು ಮರೆತದ್ದನ್ನು ನಾನು ಕಂಡಿಲ್ಲ.

ನನ್ನ ಅಳತೆ ಇಷ್ಟೇ: ನೆನಪಿನಲ್ಲಿಟ್ಟ ವಿಷಯದಿಂದ ಮಗು ಹೊಸದೊಂದು ಪ್ರಶ್ನೆ ಕೇಳಬಲ್ಲದೇ? ಕೇಳಬಲ್ಲದಾದರೆ ಆ ಬಾಯಿಪಾಠ ಸಾರ್ಥಕ. ಪ್ರಶ್ನೆಯನ್ನು ಸ್ವಲ್ಪ ತಿರುಚಿ ಕೇಳಿದರೆ ಉತ್ತರ ಕುಸಿಯುವುದಾದರೆ ಆ ಸಮಯ ವ್ಯರ್ಥವಾಯಿತು.

ಮಗ್ಗಿ ಎಷ್ಟರತನಕ ಬರಬೇಕು?

ಇಪ್ಪತ್ತರವರೆಗೆ ಬಂದರೆ ಬಹಳ ಚಲೋ. ಹತ್ತರವರೆಗೆ ಬಾರದೆ ಏಳನೇ ತರಗತಿ ದಾಟಬಾರದು. ಈ ಭಾಗ ಮುಂಬೈ ಪ್ರಾಂತದಲ್ಲಿದ್ದ ಕಾಲದಲ್ಲಿ ಕಲಿತ ಹಿರಿಯರಿಗೆ ಪಾವಕಿ, ನಿಮಕಿ, ದೀಡಕಿ ಕೂಡ ಬಾಯಿಗೆ ಬರುತ್ತಿದ್ದವು. ಕಾಲು, ಅರ್ಧ, ಒಂದೂವರೆಯ ಮಗ್ಗಿಗಳವು. ಅಡತಿ ಅಂಗಡಿಯಲ್ಲಿ ಕುಳಿತು ಏಳೂವರೆ ಕ್ವಿಂಟಲ್ ತೊಗರಿಯ ಬೆಲೆಯನ್ನು ಪೆನ್ನು ಹಿಡಿಯದೆ ಹೇಳುವ ಅಜ್ಜಂದಿರು ಇನ್ನೂ ಅಲ್ಲಲ್ಲಿ ಸಿಗುತ್ತಾರೆ. ಮಕ್ಕಳನ್ನು ಅವರ ಮುಂದೆ ಒಂದು ತಾಸು ಕೂರಿಸಿ.

ಬಾಯಿಪಾಠ ಮಾಡಿದ್ರ ಹುಡುಗರ ಸ್ವಂತ ಬುದ್ಧಿ ಸಾಯತೈತಿ ಅಂತಾರಲ್ಲ?

ಹಾಗೆ ಹೇಳುವವರು ಒಂದು ರಾತ್ರಿ ಗೀಗೀ ಪದಕ್ಕೆ ಬರಬೇಕು. ಹರದೇಶಿ ಒಂದು ಕಡೆ, ನಾಗೇಶಿ ಒಂದು ಕಡೆ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂಬ ವಾದ ದಪ್ಪು ತುಂತುಣಿಯ ಜತೆ ಬೆಳಗಿನವರೆಗೆ ನಡೆಯುತ್ತದೆ. ಎದುರಿನ ಮೇಳ ಪುರಾಣದ ಮೂಲೆಯಿಂದ ಸವಾಲೊಂದನ್ನು ಎಸೆಯುತ್ತದೆ. ಇವರು ಅಲ್ಲೇ, ಆ ತಾಳದಲ್ಲೇ, ಅದೇ ಪ್ರಾಸದಲ್ಲಿ ಉತ್ತರ ಕಟ್ಟಬೇಕು. ಬರೆದುಕೊಂಡು ಬಂದದ್ದು ಅಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ, ಯಾವ ಸವಾಲು ಬರುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲವಲ್ಲ. ಗುರುವಿನಿಂದ ಕಿವಿಯಲ್ಲಿ ಕೇಳಿ ಕಲಿತ ನೂರಾರು ಪದಗಳು, ಪುರಾಣದ ಎಳೆಗಳು, ಮಟ್ಟುಗಳು ತಲೆಯಲ್ಲಿ ತುಂಬಿರುವುದರಿಂದಲೇ ಹೊಸ ಪದ ಹುಟ್ಟುತ್ತದೆ. ನಮ್ಮ ಡೊಳ್ಳಿನ ಹಾಡಿನವರೂ ಇದೇ ವಿದ್ಯೆಯವರು. ಅವರಲ್ಲಿ ಎಷ್ಟೋ ಜನ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಸ್ವಂತ ಬುದ್ಧಿಯನ್ನು ಬಾಯಿಪಾಠ ಕೊಂದಿದೆ ಎಂದು ಯಾರು ಹೇಳುತ್ತಾರೆ?

ಪ್ರಯೋಗದಲ್ಲೂ ಇದು ಕಂಡಿದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚೆಸ್ ಆಟಗಾರರಿಗೆ ನಿಜವಾದ ಆಟವೊಂದರ ನಡುವಿನ ಸ್ಥಿತಿಯನ್ನು ಕೆಲವೇ ಸೆಕೆಂಡು ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಲು ಹೇಳಿದರು. ಪಳಗಿದ ಆಟಗಾರ ಬಹುಪಾಲು ಸರಿಯಾಗಿ ಜೋಡಿಸಿದ, ಹೊಸಬ ಕೆಲವನ್ನಷ್ಟೇ. ಆದರೆ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ಪಳಗಿದವನ ಮೇಲುಗೈ ಮಾಯವಾಯಿತು. ಅಂದರೆ ಅವನ ನೆನಪಿನ ಶಕ್ತಿ ಹುಟ್ಟಿನಿಂದ ದೊಡ್ಡದಾಗಿರಲಿಲ್ಲ. ಆಡಿ ಆಡಿ ಅವನ ತಲೆಯಲ್ಲಿ ಸಾವಿರಾರು ಅರ್ಥವುಳ್ಳ ಜೋಡಣೆಗಳು ಕೂತಿದ್ದವು. ಮುಂದಿನ ನಡೆ ಅವನಿಗೆ ಹೊಳೆಯುವುದೂ ಅಲ್ಲಿಂದಲೇ.

ಹಿಂದಿನ ಕಾಲದಾಗ ಎಲ್ಲಾ ಬಾಯಿಪಾಠನ ಇತ್ತಲ್ಲ? ಹಂಗ ಕಲಿಸಿದ್ರ ಸಾಕಲ್ಲ?

ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರು ಎಂದು ಹೇಳುವವರಿದ್ದಾರೆ, ಅಲ್ಲವೆನ್ನುವ ವಿದ್ವಾಂಸರೂ ಇದ್ದಾರೆ. ಆ ಚರ್ಚೆ ಇರಲಿ. 1150ರಲ್ಲಿ ರಚಿಸಿದ ಗಣಿತವನ್ನು ಅವರು ಶ್ಲೋಕಗಳಲ್ಲಿ ಕಟ್ಟಿದರು, ಬಾಯಲ್ಲಿ ನಿಲ್ಲಲಿ ಎಂದು. ಅಷ್ಟಕ್ಕೇ ಬಿಡದೆ, ಸಿದ್ಧಾಂತ ಶಿರೋಮಣಿ ಎಂಬ ಆ ಗ್ರಂಥಕ್ಕೆ ತಾವೇ ವ್ಯಾಖ್ಯಾನ ಬರೆದು ಕಾರಣಗಳನ್ನು ಬಿಡಿಸಿದರು. ಶ್ಲೋಕ ಉಳಿಸಿಕೊಂಡು ವ್ಯಾಖ್ಯಾನ ಬಿಟ್ಟರೆ ಹಿಂದಿನ ಕಾಲದ ಪದ್ಧತಿಯ ಅರ್ಧ ಮಾತ್ರ ಉಳಿಸಿಕೊಂಡಂತೆ. ಹಳೆಯ ಗಾಂವಠಿ (ಹಳ್ಳಿ) ಶಾಲೆಯ ಬೆತ್ತವಂತೂ ಯಾರಿಗೂ ಬೇಡ.

ರಾತ್ರಿ ಎಲ್ಲಾ ಓದತೀನ್ರಿ, ಪರೀಕ್ಷಾದಾಗ ನೆನಪ ಆಗಾಂಗಿಲ್ಲ. ಏನ ಮಾಡ್ಲಿ?

ಇದು ಮಕ್ಕಳ ಪ್ರಶ್ನೆ. ಇದಕ್ಕೆ ನೂರು ವರ್ಷಕ್ಕೂ ಹಳೆಯದಾದ, ಭದ್ರವಾದ ಉತ್ತರ ಇದೆ. 1885ರಲ್ಲಿ ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತವೆ ಎಂದು ಅಳೆದು ಪ್ರಕಟಿಸಿದ. ನೆನಪು ಮೊದಲ ದಿನ ದಬದಬ ಉದುರುತ್ತದೆ, ಆಮೇಲೆ ಉದುರುವುದು ನಿಧಾನವಾಗುತ್ತದೆ. ಮಧ್ಯೆ ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಂಡರೆ ಉಳಿಯುತ್ತದೆ. ಆದ್ದರಿಂದ ಒಂದೇ ರಾತ್ರಿ ಐದು ತಾಸು ಓದುವುದಕ್ಕಿಂತ ಐದು ದಿನ ಒಂದೊಂದು ತಾಸು ಓದುವುದು ಮೇಲು.

ಎರಡನೆಯದು ಇನ್ನೂ ಮುಖ್ಯ, ಬಹಳ ಮಕ್ಕಳು ಇದನ್ನು ಮಾಡುವುದೇ ಇಲ್ಲ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದು ಗುಂಪು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದಾಗ ಪುಸ್ತಕ ಮುಚ್ಚಿ ಬರೆದವರಿಗೆ ಶೇ. 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇ. 42ರಷ್ಟು. ಮತ್ತೆ ಮತ್ತೆ ಓದುವಾಗ ಸಾಲುಗಳು ಪರಿಚಿತವಾಗುತ್ತವೆ, ಬಂದುಬಿಟ್ಟಿತು ಅನ್ನಿಸುತ್ತದೆ. ಪರಿಚಯವೇ ನೆನಪಲ್ಲ. ಆದ್ದರಿಂದ ಮಕ್ಕಳಿಗೆ ನಾನು ಹೇಳುವುದು: ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಹಾಳೆಯಲ್ಲಿ ಬರೆಯಿರಿ ಅಥವಾ ತಂಗಿಗೆ ಹೇಳಿ. ಬಾರದಿದ್ದರೆ ತೆರೆದು ನೋಡಿ. ನಾಳೆ ಮತ್ತೆ, ನಾಲ್ಕು ದಿನ ಬಿಟ್ಟು ಮತ್ತೆ, ಹದಿನೈದು ದಿನಕ್ಕೆ ಮತ್ತೊಮ್ಮೆ. ಹೀಗೆ ಮಾಡುವಾಗ ಕಷ್ಟ ಅನ್ನಿಸುತ್ತದೆ. ಆ ಕಷ್ಟಕ್ಕೆ ಹೆದರಿ ಬಿಡಬೇಡಿ, ನೆನಪು ಗಟ್ಟಿಯಾಗುವುದು ಆಗಲೇ.

ಬೆಳಗಿನ ನಾಲ್ಕಕ್ಕೆ ಎಬ್ಬಿಸಬೇಕೇ ಎಂದು ತಾಯಂದಿರು ಕೇಳುತ್ತಾರೆ. ರಾತ್ರಿ ಒಂಬತ್ತಕ್ಕೆ ಮಲಗಿದ್ದರೆ ಎಬ್ಬಿಸಿ. ಹನ್ನೆರಡಕ್ಕೆ ಮಲಗಿದ ಮಗುವನ್ನು ಎಬ್ಬಿಸಬೇಡಿ. ಓದಿದ್ದು ನೆಲೆಗೊಳ್ಳುವುದು ನಿದ್ದೆಯಲ್ಲಿ.

ಮೊಬೈಲ್ ಬಂದ ಮ್ಯಾಲ ನೆನಪ ಕಡಿಮಿ ಆಗೈತಿ ಅಂತಾರ. ಖರೇನ?

2011ರಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು ಮಾಡಿದ ಅಧ್ಯಯನ ಪ್ರಸಿದ್ಧ. ಕಂಪ್ಯೂಟರಿನಲ್ಲಿ ಉಳಿದಿರುತ್ತದೆ ಎಂದು ನಂಬಿದ ಜನ ವಿಷಯವನ್ನು ಕಡಿಮೆ ನೆನಪಿಟ್ಟರು, ಅದನ್ನು ಎಲ್ಲಿ ಇಟ್ಟಿದ್ದೇವೆ ಎಂಬುದನ್ನು ಹೆಚ್ಚು ನೆನಪಿಟ್ಟರು. ಆ ಅಧ್ಯಯನದ ಒಂದು ಪ್ರಯೋಗವನ್ನು ಮುಂದೆ ಬೇರೆಯವರು ಮಾಡಿ ನೋಡಿದಾಗ ಅದೇ ಫಲಿತಾಂಶ ಬರಲಿಲ್ಲ. ಹಾಗಾಗಿ ಮೊಬೈಲ್ ಮೆದುಳನ್ನು ತಿಂದಿತು ಎಂಬ ಮಾತನ್ನು ನಾನು ಆಡುವುದಿಲ್ಲ. ನೆನಪು ನಾವು ಯಾವುದಕ್ಕೆ ಗಮನ ಕೊಡುತ್ತೇವೋ ಅಲ್ಲಿ ಬೆಳೆಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ರೀಲ್ಸ್ ನೋಡುವ ಮಗುವಿಗೆ ಕೊರತೆಯಾಗುವುದು ಗಮನ. ಓದುವ ಹೊತ್ತಿನಲ್ಲಿ ಮೊಬೈಲ್ ಬೇರೆ ಖೋಲಿಯಲ್ಲಿರಲಿ. ತಂದೆಯದೂ.

ಚಾಟ್‌ಜಿಪಿಟಿ ಎಲ್ಲಾ ಹೋಂವರ್ಕ್ ಮಾಡಿಕೊಡತೈತಿ. ಇನ್ನ ಕಲಿಯೋದು ಏನೈತಿ?

ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ ಕೊನೆಯ ದಿನ. ಒಂದು ಮಾತಿನ ಮುಂದೆ ಯಾವ ಮಾತು ಬಂದರೆ ಹೊಂದುತ್ತದೆ ಎಂದು ಅಪಾರ ಬರಹದಿಂದ ಕಲಿತು ವಾಕ್ಯ ಕಟ್ಟುವುದು ಇಂಥ ಯಂತ್ರಗಳ ಕೆಲಸ. ಬಹಳ ಸಲ ಸರಿಯಾಗಿಯೇ ಹೇಳುತ್ತವೆ, ನಾನೂ ಬಳಸುತ್ತೇನೆ. ತಪ್ಪು ಹೇಳುವಾಗಲೂ ಅದೇ ನಂಬಿಕೆಯ ದನಿಯಲ್ಲಿ ಹೇಳುತ್ತವೆ, ಅಪಾಯ ಇರುವುದು ಅಲ್ಲಿ.

ಬಸವನ ಬಾಗೇವಾಡಿ ಇರುವ ಜಿಲ್ಲೆಯವರು ನಾವು. ನೀರಿನ ಬಗ್ಗೆ ಬಸವಣ್ಣನವರ ವಚನ ಕೊಡು ಎಂದು ಇಂಥ ಯಂತ್ರವನ್ನು ಕೇಳಿದರೆ, ಬಸವಣ್ಣನವರು ಎಂದೂ ಬರೆಯದ ಸಾಲುಗಳನ್ನು ಹೊಸೆದು, ಕೊನೆಗೆ ಕೂಡಲಸಂಗಮದೇವ ಎಂದು ಅಂಕಿತ ಹಚ್ಚಿಕೊಡುವುದುಂಟು. ವಾಟ್ಸ್ಆ್ಯಪ್‌ನಲ್ಲಂತೂ ಅಲ್ಲಮಪ್ರಭುವಿನ ಗುಹೇಶ್ವರ ಅಂಕಿತದ ಕೆಳಗೆ ಅಕ್ಕಮಹಾದೇವಿಯ ಹೆಸರು ಹಾಕಿದ್ದನ್ನೂ ನೋಡಿದ್ದೇನೆ. ಇದು ಸುಳ್ಳು ಎಂದು ಹಿಡಿಯುವವರು ಯಾರು? ಇಪ್ಪತ್ತು ಮೂವತ್ತು ವಚನ ಬಾಯಿಗೆ ಬರುವ ಹುಡುಗಿ. ಆ ವಚನಗಳ ನಡಿಗೆ, ಬಿಗಿ, ಬಳಸುವ ಮಾತು ಅವಳ ಕಿವಿಯಲ್ಲಿ ಕೂತಿರುವುದರಿಂದ ಹೊಸದು ಕೇಳಿದ ಕೂಡಲೇ ಇದು ಬೇರೆ ಅನ್ನಿಸುತ್ತದೆ. ಆಗ ಅವಳು ಅಚ್ಚಾದ ಸಂಪುಟ ತೆರೆದು ಹುಡುಕುತ್ತಾಳೆ. ಅನುಮಾನ ಬಂದ ಮೇಲೆ ಪರಿಶೀಲಿಸುವ ಸಾಧನ ನೂರು ಇವೆ. ಅನುಮಾನ ಹುಟ್ಟಬೇಕಾದರೆ ಮೊದಲೇ ತಲೆಯಲ್ಲಿ ಏನಾದರೂ ಇರಬೇಕು.

ಹೋಂವರ್ಕಿನ ಬಗ್ಗೆ: ಉತ್ತರ ಬರೆಸಿಕೊಳ್ಳಬೇಡಿ. ನೀವು ಬರೆದ ಉತ್ತರದಲ್ಲಿ ತಪ್ಪು ಹುಡುಕಲು ಹೇಳಿ, ನಿಮಗೆ ಪ್ರಶ್ನೆ ಕೇಳಲು ಹೇಳಿ. ಹಾಗೆ ಬಳಸಿದರೆ ಅದು ಒಳ್ಳೆಯ ಜತೆಗಾರ.

ಬೋರ್ಡ್ ಪರೀಕ್ಷಾದಾಗ ನಂಬರ್ ಬರಬೇಕಲ್ರಿ. ತಿಳಕೊಂಡು ಓದಾಕ ಟೈಮ್ ಎಲ್ಲೈತಿ?

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಉತ್ತರ ಕರ್ನಾಟಕದ ನಾವೆಲ್ಲ ಅದನ್ನು ನೋವಿನಿಂದ ನೋಡಿದೆವು. ನಕಲು ಮಾಡಿದ ಮಕ್ಕಳನ್ನು ಬೈದು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಎಂಟು ಒಂಬತ್ತನೇ ತರಗತಿಯಲ್ಲಿ ಓದಲು ತಡವರಿಸುತ್ತಿದ್ದ ಮಗುವನ್ನು ಹಾಗೆಯೇ ಮುಂದೆ ತಳ್ಳಿದವರು ದೊಡ್ಡವರು. ಅಂಥ ಮಗುವಿಗೆ ಹತ್ತನೇ ತರಗತಿಯಲ್ಲಿ ಉಳಿಯುವ ದಾರಿ ಎರಡೇ: ಅರ್ಥವಾಗದ್ದನ್ನು ಉರು ಹೊಡೆಯುವುದು, ಇಲ್ಲವೇ ಚೀಟಿ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ 2020ರ ಶಿಕ್ಷಣ ನೀತಿಯೂ ಕಂಠಪಾಠದ ಪದ್ಧತಿಯಿಂದ ಹೊರಬರಬೇಕು ಎಂದೇ ಹೇಳಿವೆ. ಪ್ರಶ್ನೆಪತ್ರಿಕೆಯಲ್ಲಿ ಅನ್ವಯದ ಪ್ರಶ್ನೆಗಳು ಹೆಚ್ಚಾದಷ್ಟೂ ಗೈಡಿನ ಸಾಲು ಕೈಕೊಡುತ್ತದೆ. ತಿಳಿದುಕೊಂಡು ಓದಲು ಮೊದಲಿಗೆ ಸಮಯ ಹೆಚ್ಚು ಬೇಕು ನಿಜ. ಜೂನ್ ತಿಂಗಳಿಂದ ಹಿಡಿದರೆ ಸಾಕಾಗುತ್ತದೆ, ಜನವರಿಯಲ್ಲಿ ಹಿಡಿದರೆ ಸಾಲದು.

ಕೆಎಎಸ್, ಪಿಎಸ್ಐ, ಎಫ್‌ಡಿಎ ಪರೀಕ್ಷಾಕ್ಕ ಜಿಕೆ ಎಲ್ಲಾ ಬಾಯಿಪಾಠನ ಅಲ್ರಿ?

ಹೌದು, ಬಹುಪಾಲು ಅದೇ. ಕೋಚಿಂಗಿಗಾಗಿ ಜಿಲ್ಲೆ ಜಿಲ್ಲೆಯಿಂದ ವಿಜಯಪುರಕ್ಕೆ ಬಂದು, ಸಣ್ಣ ರೂಮಿನಲ್ಲಿ ನಾಲ್ವರು ಇದ್ದುಕೊಂಡು, ಲೈಬ್ರರಿಯಲ್ಲಿ ರಾತ್ರಿಯವರೆಗೆ ಕೂರುವ ಹುಡುಗ ಹುಡುಗಿಯರ ಬಗ್ಗೆ ನನಗೆ ಬಹಳ ಗೌರವ. ಅವರಿಗೆ ಹೇಳುವುದು ಒಂದೇ: ಗೋಳಗುಮ್ಮಟ ಪೂರ್ಣವಾದದ್ದು 1656 ಎಂಬುದನ್ನು ಒಂಟಿಯಾಗಿ ಇಟ್ಟುಕೊಂಡರೆ ಜಾರಿಹೋಗುತ್ತದೆ. ಅಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹ, ಅವನ ಕಾಲದ ಬೇಗಂ ತಾಲಾಬ್ ಕೆರೆ, ಅವನ ತಂದೆ ಎರಡನೇ ಇಬ್ರಾಹಿಂ, 1686ರಲ್ಲಿ ಔರಂಗಜೇಬನ ಕೈಗೆ ಹೋದ ರಾಜ್ಯ, ಇಷ್ಟನ್ನು ಒಂದು ಕತೆಯಾಗಿ ಹೊಂದಿಸಿದರೆ ಇಸವಿ ತಾನಾಗಿ ನಿಲ್ಲುತ್ತದೆ. ಊರಿನಲ್ಲೇ ಇದ್ದೀರಿ, ಒಂದು ಭಾನುವಾರ ಹೋಗಿ ನೋಡಿ ಬನ್ನಿ.

ನಮ್ ಹುಡುಗಿ ಇಂಗ್ಲಿಷ್ ಮೀಡಿಯಂ. ಪಾಠ ಫಟಾಫಟ್ ಒಪ್ಪಿಸ್ತಾಳ, ಅರ್ಥ ಕೇಳಿದ್ರ ಹೇಳಾಂಗಿಲ್ಲ.

ಇಡೀ ಪುಟದಲ್ಲಿ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಇದು. ಫೋಟೋಸಿಂಥಸಿಸ್ ಎಂದರೇನು ಎಂದರೆ ಮೂರು ಸಾಲು ಇಂಗ್ಲಿಷಿನಲ್ಲಿ ಸುರಿಯುತ್ತದೆ. ರಾತ್ರಿ ಕತ್ತಲಲ್ಲಿ ಗಿಡ ಏನು ಮಾಡುತ್ತದೆ ಎಂದು ಕೇಳಿದರೆ ಮೌನ. ಆ ಮಗುವಿಗೆ ವಿಜ್ಞಾನವೂ ಬಂದಿಲ್ಲ, ಇಂಗ್ಲಿಷೂ ಬಂದಿಲ್ಲ. ಎರಡರ ಸದ್ದು ಮಾತ್ರ ಬಂದಿದೆ. ಇದಕ್ಕೆ ಮಗು ಕಾರಣವಲ್ಲ, ತಂದೆ ತಾಯಿಯ ಆಸೆಯೂ ತಪ್ಪಲ್ಲ.

ಮನೆಯಲ್ಲಿ ಮಾಡಬಹುದಾದದ್ದು: ಆ ದಿನದ ಪಾಠವನ್ನು ಮನೆಮಾತಿನಲ್ಲಿ ಹೇಳಲು ಕೇಳಿ. ನಮ್ಮ ಆಡುಗನ್ನಡದಲ್ಲಿ, ಉರ್ದುವಿನಲ್ಲಿ, ಬೆಳಗಾವಿ ಕಡೆಯ ಮರಾಠಿ ಮನೆಗಳಲ್ಲಿ ಮರಾಠಿಯಲ್ಲಿ, ಲಂಬಾಣಿ ತಾಂಡಾದಲ್ಲಿ ಅವರ ಮಾತಿನಲ್ಲಿ. ಪುಸ್ತಕದ ಕನ್ನಡವೇ ಬೇಕಿಲ್ಲ. ‘ಎಲಿ ಬಿಸಲಿನಿಂದ ತನ್ನ ಊಟ ತಾನ ಮಾಡಕೊಂತೈತಿ’ ಎಂದರೆ ಅವಳಿಗೆ ತಿಳಿದಿದೆ. ಅದಾದ ಮೇಲೆ ಇಂಗ್ಲಿಷಿನ ಮಾತನ್ನು ಬಾಯಿಪಾಠ ಮಾಡಲಿ, ಆಗ ಅದು ನಿಲ್ಲುತ್ತದೆ.

ನಾವು ಸಾಲಿ ಕಲಿತವರಲ್ಲ. ಮಕ್ಕಳಿಗೆ ಏನ ಹೇಳಿಕೊಡಾಕ ಆಗತೈತಿ?

ಬಹಳ ಆಗುತ್ತದೆ. ರೋಹಿಣಿ, ಮೃಗಶಿರ, ಆರಿದ್ರಾದಿಂದ ಹಿಡಿದು ಹಸ್ತ, ಚಿತ್ತಿ, ಸ್ವಾತಿಯವರೆಗೆ ಮಳೆ ನಕ್ಷತ್ರಗಳು ನಿಮಗೆ ಸಾಲಾಗಿ ಬರುತ್ತವೆ. ಹಿಂಗಾರಿ ಜೋಳ ಯಾವ ಮಳೆಗೆ ಬಿತ್ತಬೇಕು, ಎರಿ ಭೂಮಿ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಕೈಯಲ್ಲಿ ಉಂಡೆ ಕಟ್ಟಿ ನೋಡುವುದು, ‘ಡೋಣಿ ಹರಿದ್ರ ಓಣೆಲ್ಲಾ ಜ್ವಾಳ’ ಎಂಬ ಮಾತಿನ ಹಿಂದಿನ ಡೋಣಿ ಹೊಳೆ, ಮಣ್ಣು, ಪ್ರವಾಹದ ಕತೆ, ಇವೆಲ್ಲ ನಿಮ್ಮಲ್ಲಿವೆ. ಒಂದೊಂದು ನಕ್ಷತ್ರ ಸುಮಾರು ಹದಿಮೂರೂವರೆ ದಿನ, ಇಪ್ಪತ್ತೇಳು ಸೇರಿ ಒಂದು ವರ್ಷ. ಅದು ಖಗೋಳವೂ ಹೌದು, ಭಾಗಾಕಾರವೂ ಹೌದು. ಮಗುವಿಗೆ ಹೇಳಿ, ಹಾಗೆಯೇ ಈಗ ಮಳೆ ಮೊದಲಿನಂತೆ ನಕ್ಷತ್ರ ಹಿಡಿದು ಬರುತ್ತಿಲ್ಲ ಎಂಬುದನ್ನೂ ಹೇಳಿ. ಯಾಕೆ ಎಂದು ಅದು ಶಾಲೆಗೆ ಬಂದು ಕೇಳಲಿ, ನಮಗೆ ಪಾಠ ಮಾಡಲು ಅಂಥ ಪ್ರಶ್ನೆ ಬೇಕು.

ಇನ್ನೊಂದು. ರೊಟ್ಟಿ ಬಡಿಯುತ್ತಾ, ‘ಇವತ್ತೇನ ಕಲತಿ, ನನಗ ತಿಳಿಯುವಂಗ ಹೇಳು’ ಎಂದು ಕೇಳುವ ತಾಯಿ ಮಗುವಿನ ಅತಿ ಒಳ್ಳೆಯ ಟ್ಯೂಷನ್. ಓದು ಬಾರದ ತಾಯಿಗೆ ವಿವರಿಸಬೇಕಾದ ಮಗು ಪುಸ್ತಕದ ಮಾತನ್ನು ತನ್ನ ಮಾತಾಗಿ ತಿರುಗಿಸಲೇಬೇಕು.

ಕಲಿಯೋದು ನೌಕರಿ ಸಲುವಾಗಿ ಅಲ್ಲ ಅಂದ್ರ ಮತ್ಯಾಕ?

ನೌಕರಿ ಬೇಡ ಎಂದು ನಾನು ಹೇಳುವುದಿಲ್ಲ. ಮಳೆ ನಂಬಿ ಬದುಕುವ ಮನೆಯಲ್ಲಿ ಒಂದು ಸಂಬಳ ಎಂದರೆ ಏನು ಎಂದು ಈ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಆದರೆ ನೌಕರಿ ಒಂದೇ ಉದ್ದೇಶ ಎಂದರೆ ನೌಕರಿ ಸಿಗದ ಮಕ್ಕಳ ಹತ್ತು ವರ್ಷದ ಓದು ಸುಳ್ಳೇ? ಅದನ್ನು ನಾನು ಒಪ್ಪಲಾರೆ.

ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದರು. ಓದು ಅವರಿಗೆ ಕೆಲಸ ಕೊಟ್ಟಿತ್ತು, ಅಲ್ಲಿಗೆ ನಿಲ್ಲಬಹುದಿತ್ತು. 1910ರಲ್ಲಿ ಈ ಊರಿನಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ ಕಟ್ಟಿದರು. ಊರೂರು ತಿರುಗಿ ಮಠ ಮನೆಗಳ ಅಟ್ಟದ ಮೇಲಿದ್ದ ತಾಳೆಗರಿಗಳನ್ನು ಹುಡುಕಿದರು, ಒಂದೇ ವಚನದ ಬೇರೆ ಬೇರೆ ಪಾಠಗಳನ್ನು ಹೋಲಿಸಿದರು, 1923ರಲ್ಲಿ ವಚನಶಾಸ್ತ್ರ ಸಾರದ ಮೊದಲ ಭಾಗ ತಂದರು. ಅಚ್ಚಿನ ಮನೆಗಾಗಿ ಸ್ವಂತ ಮನೆ ಮಾರಿದರು. ಇವತ್ತು ನನ್ನ ಮೊಬೈಲಿನಲ್ಲಿ ವಚನ ಸಿಗುತ್ತಿರುವುದು, ಯಾವುದು ಉಳಿಸಲು ತಕ್ಕದ್ದು ಎಂದು ತಿಳಿದ ಒಬ್ಬ ಮನುಷ್ಯ ಇಲ್ಲಿ ಇದ್ದುದರಿಂದ.

ನಮ್ಮ ಊರಿನ ಬಾವಡಿಗಳನ್ನೂ ನೋಡಿ. ಆದಿಲ್ ಶಾಹಿಗಳ ಕಾಲದಲ್ಲಿ ದೂರದ ಕೆರೆಗಳಿಂದ ನೆಲದೊಳಗಿನ ಸುರಂಗಗಳಲ್ಲಿ ನೀರು ತಂದು, ತಾಜ್ ಬಾವಡಿಯಂಥ ನೂರಾರು ಬಾವಿಗಳ ಜತೆಗೂಡಿ ದೊಡ್ಡ ನಗರಕ್ಕೆ ನೀರುಣಿಸಿದ ಊರಿದು. ನಳದ ನೀರು ಬಂದ ಮೇಲೆ ಅವು ಕಸದ ಗುಂಡಿಗಳಾದವು. ಆ ನೀರಿನ ವ್ಯವಸ್ಥೆಯ ವಿವರ ಪುಸ್ತಕಗಳಲ್ಲಿ ಇದ್ದೇ ಇತ್ತು. ಓಣಿಯಲ್ಲಿ ನಡೆದುಹೋಗುವವರಿಗೆ ಅದು ತಿಳಿದಿರಲಿಲ್ಲ, ಆದ್ದರಿಂದ ಯಾರೂ ತಡೆಯಲಿಲ್ಲ. ಈಚಿನ ವರ್ಷಗಳಲ್ಲಿ ಹಲವು ಬಾವಡಿಗಳ ಹೂಳು ತೆಗೆದರು, ನೀರು ಮತ್ತೆ ಕಂಡಿತು. ಊರಿನ ಆಸ್ತಿ ಹಾಳಾಗುವಾಗ ಇದೇನು ಎಂದು ಗುರುತಿಸಿ ನಿಲ್ಲಿಸಬಲ್ಲ ಜನರನ್ನು ತಯಾರು ಮಾಡುವುದು ಶಾಲೆಯ ಕೆಲಸ. ಅವರು ತಹಶೀಲ್ದಾರರಾಗಿರಲಿ, ಟಂಟಂ ಓಡಿಸುವವರಾಗಿರಲಿ.

ಹಂಗಾದ್ರ ಹತ್ತನೇತ್ತ ಮುಗಿಯೋದ್ರಾಗ ಏನೇನ ಬಾಯಿಗೆ ಬರಬೇಕು?

ಮಗ್ಗಿ, ಭಿನ್ನರಾಶಿ ಮತ್ತು ಶೇಕಡಾವಾರಿನ ಮುಖ್ಯ ಜೋಡಿಗಳು, ಬೇಕಾಗುವ ಸೂತ್ರಗಳು. ಜಿಲ್ಲೆ, ರಾಜ್ಯ, ದೇಶದ ನಕಾಶೆ, ಕೃಷ್ಣೆ ಭೀಮೆ ಘಟಪ್ರಭೆ ಮಲಪ್ರಭೆ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತವೆ ಎಂಬುದು. ಇತಿಹಾಸದ ಸುಮಾರು ಮೂವತ್ತು ಇಸವಿ, ಒಂದಕ್ಕೊಂದು ಕೊಂಡಿ ಹಾಕಿ. ಸಂವಿಧಾನದ ಪ್ರಸ್ತಾವನೆ ಮತ್ತು ಮೂಲಭೂತ ಹಕ್ಕುಗಳು. ಇಪ್ಪತ್ತು ವಚನ, ಒಂದಷ್ಟು ತ್ರಿಪದಿ, ದಾಸರ ಪದ, ಮನೆಯಲ್ಲಿ ಅಜ್ಜಿ ಹಾಡುವ ಬೀಸುವ ಪದ ಒಂದಾದರೂ. ಮನೆಯವರ ಎರಡು ಫೋನ್ ನಂಬರ್, ಮತ್ತು ತುರ್ತು ಸಹಾಯದ 112, ಮಕ್ಕಳ ಸಹಾಯವಾಣಿ 1098. ಉಳಿದದ್ದಕ್ಕೆ ಪುಸ್ತಕ ಇದೆ, ಮೊಬೈಲ್ ಇದೆ.

ನಮ್ ಹುಡುಗಗ ನೆನಪಿನ ಶಕ್ತಿನ ಇಲ್ಲ. ಯಾವುದಾದ್ರೂ ಔಷಧ ಐತೇನ್ರಿ?

ಕ್ರಿಕೆಟ್ ಆಟಗಾರರ ರನ್, ಸಿನಿಮಾದ ಡೈಲಾಗ್ ಅವನಿಗೆ ನೆನಪಿದೆಯೇ? ಇದ್ದರೆ ನೆನಪಿನ ಶಕ್ತಿ ಇದೆ. ಜಾಹೀರಾತಿನ ಟಾನಿಕ್‌ಗೆ ದುಡ್ಡು ಹಾಕಬೇಡಿ. ಮೊದಲು ಕಣ್ಣು ತೋರಿಸಿ: ಹಿಂದಿನ ಬೆಂಚಿನಿಂದ ಬೋರ್ಡ್ ಕಾಣದ ಮಕ್ಕಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ದಡ್ಡರೆಂದು ಹೆಸರು ಪಡೆದುಬಿಡುತ್ತಾರೆ. ಕಿವಿಯದೂ ಹಾಗೆಯೇ. ರಕ್ತಹೀನತೆ ಇದ್ದರೆ ಮಗು ಮಧ್ಯಾಹ್ನದ ಹೊತ್ತಿಗೆ ತೂಕಡಿಸುತ್ತದೆ, ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಊಟವಾದ ಮೇಲೆ ನುಂಗಲಿ, ಎಸೆಯಬಾರದು. ಮಗು ಅಕ್ಷರಗಳನ್ನು ತಿರುಗುಮುರುಗು ಮಾಡುತ್ತದೆ, ಎಷ್ಟು ಮಾಡಿದರೂ ಓದು ಕೂಡುವುದಿಲ್ಲ ಎಂದಾದರೆ ಕಲಿಕೆಯ ತೊಂದರೆ ಇರಬಹುದು, ಅದಕ್ಕೆ ಬೇರೆ ಬಗೆಯ ಕಲಿಸುವಿಕೆ ಬೇಕು. ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ವೈದ್ಯರ ತಂಡಕ್ಕೆ ಇದನ್ನೆಲ್ಲ ಉಚಿತವಾಗಿ ತೋರಿಸಬಹುದು. ತಂಡ ಬರುವ ದಿನ ಯಾವುದು ಎಂದು ಮುಖ್ಯ ಗುರುಗಳನ್ನು ಕೇಳಿ, ಆ ದಿನ ಮಗುವನ್ನು ತಪ್ಪಿಸದೆ ಕಳಿಸಿ, ಸಾಧ್ಯವಾದರೆ ನೀವೂ ಜತೆಗೆ ಬನ್ನಿ.